ಮಸ್ಕತ್ತಿನಿಂದ ಬಂದ ಗರಗಸ

ಹೊನ್ನೂರಸಾಬ ಈ ಸಲ ಬಂದೇ ಬರುತ್ತಾನೆ ಎಂದು ಮನೆಯವರೆಲ್ಲ ಕಾದಿದ್ದರು. ಅವನ ತಾಯಿ ಅಮೀರ್ ಬೀ ಮಗನ ಕೋಣೆಗೆ ಸುಣ್ಣ ಹೊಡೆಸಿದ್ದಳು. ಹೆಂಡತಿ ನಯೀಮ ಗಾದಿಯನ್ನು ಬಿಸಿಲಿಗೆ ಹಾಕಿ ಬಡಿದು, ಅದಕ್ಕೆ ಹೊಸ ಗೌಸು ಹೊಲಿದಿದ್ದಳು. ಆದರೆ ಫೆಬ್ರವರಿಯ ಆ ಮಧ್ಯಾಹ್ನ ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ಬಂದದ್ದು ಅವನಲ್ಲ. ಮಸ್ಕತ್ತಿನಲ್ಲಿ ಅವನ ಜೊತೆಗಿದ್ದ ಕಾನಹೊಸಹಳ್ಳಿಯವನೊಬ್ಬ ಆಟೋದಿಂದ ಇಳಿದು, ಒಂದು ದೊಡ್ಡ ಪೆಟ್ಟಿಗೆಯನ್ನೂ ಗೋಣಿಚೀಲ ಸುತ್ತಿದ ಎರಡು ಉದ್ದನೆಯ ಪಟ್ಟಿಗಳನ್ನೂ ಕಟ್ಟೆಯ ಮೇಲಿಟ್ಟ.

"ಹೊನ್ನೂರ ಕಳಿಸ್ಯಾನ್ರಿ," ಎಂದ.

"ಅವ ಎಲ್ಲಪ್ಪಾ?" ಅಮೀರ್ ಬೀ ಆಟೋದ ಒಳಗೆ ಬಗ್ಗಿ ನೋಡಿದಳು.

"ರಜಾ ಸಿಗಲಿಲ್ರಿ ಅವಂಗ. ಆರಾಮ ಅದಾನ. ಎಲ್ಲಾ ಆರಾಮ ಐತಿ."

ನಯೀಮ ಚಹಾ ತಂದುಕೊಟ್ಟಳು. ಅವನು ನಿಂತುಕೊಂಡೇ ಕುಡಿದ. ಲೋಟ ವಾಪಸು ಕೊಡುವಾಗಲೂ ಅವಳ ಮುಖ ನೋಡಲಿಲ್ಲ. ಕೂಡ್ಲಿಗಿ ಬಸ್ಸು ತಪ್ಪುತ್ತದೆ ಎಂದು ಹೇಳಿ ಹೊರಟುಬಿಟ್ಟ.

ಹೊನ್ನೂರನ ತಂಗಿ ಮೆಹನಾಜ ಕಾಲೇಜಿನಿಂದ ಬಂದ ಮೇಲೆ ಪೆಟ್ಟಿಗೆ ಬಿಚ್ಚಿದರು. ಒಳಗಿದ್ದದ್ದು ಒಂದು ಕೈಗರಗಸದ ಮಿಷನ್ನು. ದುಂಡನೆಯ ಅಲಗು ಕಾಣದಂತೆ ತಗಡಿನ ಹೊಟ್ಟೆಯೊಳಗೆ ಅಡಗಿತ್ತು. ಗೋಣಿ ಸುತ್ತಿದ ಪಟ್ಟಿಗಳು ಅಲ್ಯುಮಿನಿಯಂನವು. ಎರಡನ್ನೂ ಜೋಡಿಸಿದರೆ ಆಳೆತ್ತರಕ್ಕಿಂತ ಉದ್ದ. ಮೆಹನಾಜ ಅದರ ಪುಸ್ತಕ ತಿರುವಿದಳು.

"ಈ ಪಟ್ಟಿ ಹಳಿ ಇದ್ದಂಗ, ಮರದ ಮ್ಯಾಲ ಬಿಗೀಬೇಕಂತ. ಮಿಷನ್ ಇದರ ಮ್ಯಾಲ ರೈಲು ಹೋದಂಗ ಹೋಗ್ತೈತಂತ. ಗೆರಿ ಒಂದು ಕೂದಲೆಳಿ ಸೊಟ್ಟ ಆಗಂಗಿಲ್ಲಂತ."

"ಅಂಗಡಿ ಹಾಕಾಕ ಬರ್ತಾನ ಅಂದಂಗಾತು," ಅಮೀರ್ ಬೀ ಕಣ್ಣರಳಿಸಿದಳು. "ಸಾಮಾನು ಮುಂದ ಕಳಿಸ್ಯಾನ, ಹಿಂದ ತಾನು ಬರ್ತಾನ."

"ಬರೋರು ಸಾಮಾನು ತಾವ ತರ್ತಾರತ್ತಿ," ನಯೀಮ ಹೇಳಿದಳು. "ಬರದಿದ್ದೋರು ಕಳಿಸ್ತಾರ."

"ಬಾಯಾಗ ಒಳ್ಳೇ ಮಾತು ಬರಂಗಿಲ್ಲೇನ್ ನಿನಗ?"

ಹೊನ್ನೂರನ ಅಪ್ಪ ಶೇಖಾವಲಿ ಇದನ್ನೆಲ್ಲ ಹಿತ್ತಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಕಿವಿಯ ಮೇಲೆ ಸೀಸದ ಕಡ್ಡಿ, ಮೊಣಕೈವರೆಗೂ ಮರದ ಹೊಟ್ಟು. ಅವರು ಪಿಂಜಾರರು. ಅವನ ಅಜ್ಜ ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದ. ಅಪ್ಪ ಆ ಬಿಲ್ಲು ಬಿಟ್ಟು ಉಳಿ ಹಿಡಿದಿದ್ದ. ಕೊಟ್ಟೂರಿನ ಎಷ್ಟೋ ಮನೆಗಳ ಬಾಗಿಲು ಶೇಖಾವಲಿಯ ಕೈಯಿಂದಲೇ ಎದ್ದವು. ಮಗ ಮಿಷನ್ನು ಬೇಕೆಂದಾಗ, "ಮಿಷನ್ ಹಿಡದೋನು ಬಡಗಿ ಅಲ್ಲ, ಮಿಷನ್ ಹೊರೋ ಹಮಾಲ," ಎಂದಿದ್ದ. ಆ ಜಗಳದ ಬಿಸಿಯಲ್ಲೇ ಹೊನ್ನೂರ ಪಾಸ್‌ಪೋರ್ಟ್ ಮಾಡಿಸಿದ್ದು. ಆಗ ಅವನ ಮದುವೆಯಾಗಿ ನಾಲ್ಕು ತಿಂಗಳು ಸಹ ತುಂಬಿರಲಿಲ್ಲ. ಮಧ್ಯೆ ಒಮ್ಮೆ ಬಂದು ತಿಂಗಳಿದ್ದು ಹೋದ. ಅಪ್ಪ ಮಗ ಆಗಲೂ ಮಾತಾಡಲಿಲ್ಲ. ಫೋನು ಬಂದರೆ ಶೇಖಾವಲಿ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಮಗನ ಹೆಸರೆತ್ತುತ್ತಿರಲಿಲ್ಲ, 'ಅವ' ಎನ್ನುತ್ತಿದ್ದ.

"ಅಟ್ಟದ ಮ್ಯಾಲ ಇಡ್ರಿ ಅದನ್ನ," ಎಂದು ಹೇಳಿ ಒಳಗೆ ಹೋಗಿ ಕೈ ತೊಳೆದ. ಅವತ್ತು ರಾತ್ರಿ ರೊಟ್ಟಿ, ಬದನೆಕಾಯಿ ಪಲ್ಯ. ಯಾರೂ ಎರಡನೆಯ ರೊಟ್ಟಿ ಕೇಳಲಿಲ್ಲ.

*

ಹದಿನೈದು ದಿನ ಕಳೆದಿರಬೇಕು. ತಂಬ್ರಹಳ್ಳಿಯ ಗುರುಸಂಗಪ್ಪ ಟ್ರ್ಯಾಕ್ಟರಿನಲ್ಲಿ ನಾಲ್ಕು ತೊಲೆ ಹೇರಿಕೊಂಡು ಬಂದ. ಅವನ ಅಜ್ಜ ಕಟ್ಟಿಸಿದ ಮನೆ ಕೆಡವಿ ಹೊಸ ಮನೆ ಎಬ್ಬಿಸುತ್ತಿದ್ದ. ಹಳೆಯ ತೊಲೆಗಳು ಕಮರ ಮರದವು. ಕಪ್ಪುಗೆಂಪು ಬಣ್ಣ, ಕಬ್ಬಿಣದ ತೂಕ. ಇಳಿಸುವಾಗ ನಾಲ್ವರು ಗಂಡಸರು ತಿಣುಕಿದರು.

"ತಲಬಾಗಿಲು ಇದರಾಗ ಆಗ್ಬೇಕು ನೋಡು ಶೇಖಾವಲಿ. ಚೌಕಟ್ಟು, ಹೊಸ್ತಿಲು, ಎರಡು ಕದ. ಅಜ್ಜನ ಕಟಗಿ ಹೊರಗ ಹೋಗಬಾರದು ಅಂತಾಳ ನಮ್ಮವ್ವ."

"ಮಿಲ್ಲಿನಾಗ ಸೀಳಿಸ್ಕೊಂಡು ಬಂದಿದ್ರ ಚಲೋ ಇತ್ತಲ್ರಿ ಗೌಡ್ರ."

"ಹೋಗಿದ್ವಿ. ಕಮರ ಅಂದ ಕೂಡ್ಲೆ ಕೈ ಮುಗದ್ರು. ಒಳಗ ಹಳೇ ಮೊಳಿ ಅದಾವ, ಅಲಗು ಹಾರಿದ್ರ ಯಾರು ಹೊಣಿ ಅಂದ್ರು. ನೀ ಆಗಂಗಿಲ್ಲ ಅಂದ್ರ ಒಲಿಗೆ ಹಾಕೋದ ಇವನ್ನ."

ಶೇಖಾವಲಿ ತೊಲೆಯ ಮೇಲೆ ಕೈಯಾಡಿಸಿದ. ಇಂಥ ಮರ ಅವನ ಹಿತ್ತಲಿಗೆ ಬಂದು ಎಷ್ಟೋ ಕಾಲವಾಗಿತ್ತು. "ಬಿಟ್ಟು ಹೋಗ್ರಿ," ಎಂದ.

ಎರಡು ದಿನ ಕೂತು ಮೊಳೆಗಳನ್ನು ಒಂದೊಂದಾಗಿ ಕಿತ್ತ. ಮೂರನೆಯ ದಿನ ಜೋಡಿ ಹಿಡಿಯ ಗರಗಸ ಹಚ್ಚಿದ. ಇನ್ನೊಂದು ತುದಿಗೆ ಪಕ್ಕದ ಓಣಿಯ ಆಳೊಬ್ಬನನ್ನು ಕರೆದಿದ್ದ. ಮಧ್ಯಾಹ್ನದವರೆಗೆ ಒಂದು ಗೇಣು ಸಹ ಇಳಿಯಲಿಲ್ಲ. ಆಳು ಬೆವರು ಒರೆಸಿಕೊಂಡು, "ಇದು ಕಟಗಿ ಅಲ್ಲ, ಕಲ್ಲು," ಎಂದು ಎದ್ದು ಹೋದ. ಶೇಖಾವಲಿ ಊಟಕ್ಕೆ ಕೂತಾಗ ತುತ್ತು ಹಿಡಿದ ಕೈ ನಡುಗುತ್ತಿತ್ತು. ಸಾರು ಅಂಗಿಯ ಮೇಲೆ ಬಿತ್ತು.

"ಗೌಡ್ರಿಗೆ ಆಗಂಗಿಲ್ಲ ಅಂತ ಹೇಳಿಬಿಡ್ರಿ," ಎಂದಳು ಅಮೀರ್ ಬೀ. "ಈ ವಯಸ್ಸಿನಾಗ ಯಾಕ ಬೇಕು?"

"ಆಗಂಗಿಲ್ಲ ಅಂತ ಯಾವತ್ತ ಹೇಳೀನಿ ನಾನು?"

ನಯೀಮ ನೀರಿನ ತಂಬಿಗೆ ಇಟ್ಟು, ಅಲ್ಲೇ ನಿಂತಳು. "ಮಾವ, ಅಟ್ಟದ ಮ್ಯಾಲಿಂದು ಒಂದ್ಸಲ ಇಳಿಸಿ ನೋಡೋಣೇನ್ರಿ?"

ಶೇಖಾವಲಿ ತಲೆ ಎತ್ತಲಿಲ್ಲ. ಅಂಗಿಯ ಮೇಲಿನ ಸಾರು ಒರೆಸುತ್ತ, "ಅದನ್ನ ಓಡ್ಸೋದು ಯಾರಿಗೆ ಗೊತ್ತೈತಿ?" ಎಂದ.

"ಕಳಿಸಿದವರಿಗೆ ಗೊತ್ತೈತಲ್ರಿ. ಶುಕ್ರವಾರ ಫೋನ್ ಬರ್ತೈತಿ. ನಾ ಕೇಳ್ತೀನಿ, ನೀವು ಮಾಡ್ರಿ."

*

ಶುಕ್ರವಾರ ಮಸ್ಕತ್ತಿನಲ್ಲಿ ರಜೆ. ನಮಾಜು ಮುಗಿಸಿ, ಅಡುಗೆ ಮಾಡಿಕೊಂಡು ಉಂಡ ಮೇಲೆ ಹೊನ್ನೂರ ಫೋನು ಮಾಡುತ್ತಿದ್ದ. ಅವನು ಹೋದಾಗಿನಿಂದ ಆ ಮಾತುಗಳು ಒಂದೇ ತರ ಇದ್ದವು. ಅಮೀರ್ ಬೀ ಮೊದಲು ಮಾತಾಡುವಳು, ಆಮೇಲೆ ಮೆಹನಾಜ. ಕೊನೆಗೆ ನಯೀಮಳ ಕೈಗೆ ಫೋನು ಬರುವಷ್ಟರಲ್ಲಿ ಅವನ ಫೋನ್ ಕಾರ್ಡಿನಲ್ಲಿ ಚೂರುಪಾರು ಹಣ ಉಳಿದಿರುತ್ತಿತ್ತು. "ಉಂಡ್ಯಾ?" "ಉಂಡೆ. ನೀವು?" "ಉಂಡೆ. ಆರಾಮ?" "ಆರಾಮ." ಅತ್ತೆ ಪಕ್ಕದಲ್ಲೇ ಕೂತಿರುವಾಗ ಅದಕ್ಕಿಂತ ಹೆಚ್ಚೇನೂ ಹೇಳಲು ಬರುತ್ತಿರಲಿಲ್ಲ. ಫೋನು ಇಟ್ಟ ಮೇಲೆ ಹೇಳಬೇಕಾಗಿದ್ದದ್ದೆಲ್ಲ ನೆನಪಾಗುತ್ತಿತ್ತು.

ಆ ಶುಕ್ರವಾರ ಅವಳು ಫೋನು ಹಿಡಿದು ಹಿತ್ತಲಿಗೆ ನಡೆದಳು.

"ರೀ, ಆ ಮಿಷನ್ ಬಿಚ್ಚೀವಿ. ಕಮರದ ತೊಲಿ ಸೀಳಬೇಕು. ಮಾವ ಕೇಳಾಕತ್ಯಾರ, ಹೆಂಗ ಅಂತ."

"ಅಪ್ಪ ಕೇಳಾಕತ್ಯಾನ?"

ಶೇಖಾವಲಿ ಬೆನ್ನು ತಿರುಗಿಸಿ ಉಳಿ ಮಸೆಯುತ್ತಿದ್ದ. "ಹೂಂ," ಎಂದಳು ನಯೀಮ.

"ಎಷ್ಟು ದಪ್ಪ ಐತಿ ತೊಲಿ?"

"ನನ್ನ ಅಂಗೈ ಅಡ್ಡ ಇಟ್ರ ಎಷ್ಟೋ ಅಷ್ಟು."

"ನಿನ್ನ ಅಂಗೈ…" ಎಂದು ಹೊನ್ನೂರ ನಿಲ್ಲಿಸಿದ. ಆಮೇಲೆ ಅವನ ದನಿ ಬೇರೆಯಾಯಿತು. ಕೆಲಸದ ದನಿ; ಗಟ್ಟಿ, ಬಿಡಿಸಿ ಹೇಳುವ ದನಿ. ಮದುವೆಯಾದ ಹೊಸತರಲ್ಲಿ ಹಿತ್ತಲಿನಿಂದ ಬರುತ್ತಿದ್ದದ್ದು ಇದೇ ದನಿ. "ಕೇಳು ಹಂಗಾರ. ಪೆಟಗ್ಯಾಗ ಎರಡು ಅಲಗು ಅದಾವ. ಒಂದಕ್ಕ ಹಲ್ಲು ಒತ್ತಾಗಿ ಅದಾವ, ಇನ್ನೊಂದಕ್ಕ ಬಿಡಿಬಿಡಿ. ಉದ್ದಕ್ಕ ಸೀಳಾಕ ಬಿಡಿ ಹಲ್ಲಿಂದು ಹಾಕ್ರಿ. ತೊಲಿ ಕೆಳಗ ಎರಡೂ ಕಡೆ ಆಸರ ಕೊಡ್ರಿ, ಸೀಳಿದ ಮ್ಯಾಲ ತುಂಡು ಜೋತು ಬೀಳಬಾರದು. ಹಳಿ ಬಿಗದು ಒಂದ್ಸಲ ಅಲುಗಾಡಿಸಿ ನೋಡ್ರಿ."

ಅವಳು ಒಂದೊಂದನ್ನೇ ಮಾವನಿಗೆ ಹೇಳುತ್ತ ಹೋದಳು.

"ಒಂದೇ ಸಲಕ್ಕ ಕೊಯ್ಯಾಕ ಹೋಗಬ್ಯಾಡ್ರಿ. ಮೊದಲ ಉಗುರಿನಷ್ಟು ಆಳ ಇಟ್ಟು ಒಂದು ಗೆರಿ ಹೊಡೀರಿ. ಆಮ್ಯಾಲ ಅದೇ ಗೆರಿಯೊಳಗ ಬೆರಳಿನಷ್ಟು. ಮತ್ತ ಇನ್ನೊಂದಿಷ್ಟು. ಅಲಗು ಪೂರಾ ದಪ್ಪಕ್ಕ ಮುಟ್ಟಂಗಿಲ್ಲ. ಅರ್ಧ ಆದ ಮ್ಯಾಲ ತೊಲಿ ಹೊಳ್ಳಿಸಿ ಆ ಕಡಿಯಿಂದ ಬರ್ರಿ. ದೂಡಬ್ಯಾಡ್ರಿ. ಸಪ್ಪಳ ಕೇಳ್ರಿ. ಸಪ್ಪಳ ಕುಗ್ಗಿತು ಅಂದ್ರ ನೀವು ಅವಸರ ಮಾಡಾಕತ್ತೀರಿ ಅಂತ ಅರ್ಥ."

ಕಾರ್ಡು ಮುಗಿದು ಫೋನು ಕಡಿಯಿತು. ಅಷ್ಟು ಉದ್ದದ ಮಾತು ಅವನ ಬಾಯಿಂದ ಅವಳು ಕೇಳಿ ವರ್ಷಗಳಾಗಿದ್ದವು. ಫೋನು ಬಿಸಿಯಾಗಿತ್ತು. ಅದನ್ನು ಕಿವಿಯಿಂದ ತೆಗೆಯುವುದನ್ನೇ ಮರೆತು ನಿಂತಳು.

"ಏನ್ ಅಂದ ಅವ?" ಶೇಖಾವಲಿ ಕೇಳಿದ.

"ಸಪ್ಪಳ ಕೇಳ್ರಿ ಅಂದ್ರು."

ವಿದೇಶದ ಪ್ಲಗ್ಗು ಇಲ್ಲಿನ ಸಾಕೆಟ್ಟಿಗೆ ಹಿಡಿಸಲಿಲ್ಲ. ಮೆಹನಾಜ ಬಜಾರಿನಿಂದ ಬೇರೆಯದು ತಂದು ಹಾಕಿಸಿದಳು. ಕರೆಂಟು ಬೆಳಿಗ್ಗೆ ಸ್ವಲ್ಪ ಹೊತ್ತು ಬಲವಾಗಿ ಇರುತ್ತಿತ್ತು; ಕೆಲಸ ಆಗಲೇ ಆಗಬೇಕು. ಮೊದಲ ದಿನ ಶೇಖಾವಲಿ ತಾನೇ ಗುಂಡಿ ಒತ್ತಿದ. ಆದರೆ ನಡುಗುವ ಕೈಗೆ ಆ ಕಿರುಚಾಟ ಒಗ್ಗಲಿಲ್ಲ. ಎರಡು ಮೊಳ ಓಡಿಸುವಷ್ಟರಲ್ಲಿ ಬಿಟ್ಟು ಹಿಂದೆ ಸರಿದ.

"ಹಿಡಿ," ಎಂದ ಸೊಸೆಗೆ. "ನಿನಗ ಹೇಳ್ಯಾನ, ನೀನ ಓಡ್ಸು. ಗೆರಿ ನಾ ಹಾಕ್ತೀನಿ."

ನಯೀಮ ಸೆರಗು ಸೊಂಟಕ್ಕೆ ಬಿಗಿದಳು. ಮೆಹನಾಜಳ ಓಢಣಿಯನ್ನು ತಲೆಗೂ ಮೂಗಿಗೂ ಸುತ್ತಿಕೊಂಡಳು. ಉಗುರಿನಷ್ಟು ಆಳ. ಅಲಗು ಕಮರದ ಎದೆ ಮುಟ್ಟಿದ ಕೂಡಲೇ ಕೆಂಪು ಹೊಟ್ಟು ಹಾರಿ ಅವಳ ರವಿಕೆ, ಹುಬ್ಬು ಎಲ್ಲ ತುಂಬಿತು. ಹಳಿಯ ಮೇಲೆ ಮಿಷನ್ನು ತಾನಾಗಿಯೇ ಜಾರಿದಂತೆ ಮುಂದೆ ಹೋಯಿತು. ಹಿಂದೆ ಉಳಿದ ಗೆರೆ ದಾರ ಎಳೆದಂತೆ ನೆಟ್ಟಗಿತ್ತು. ಶೇಖಾವಲಿ ಬಗ್ಗಿ ಅದರ ಮೇಲೆ ಉಗುರು ಆಡಿಸಿದ. ಮುಂದಿನ ತೊಲೆಗೆ ಗೆರೆ ಹಾಕಲು ಹೋದ.

*

ಅಲ್ಲಿಂದ ಮನೆಯ ದಿನಚರಿಯೇ ಬದಲಾಯಿತು. ಬೆಳಿಗ್ಗೆ ಕರೆಂಟು ಇರುವ ಹೊತ್ತು ನಯೀಮ ಹಿತ್ತಲಿಗೆ. ರೊಟ್ಟಿ ಬಡಿಯುವುದು ಅಮೀರ್ ಬೀಯ ಪಾಲಿಗೆ ಬಂತು. ಅವಳಿಗೆ ಅದನ್ನು ಸಹಿಸಲಾಗಲಿಲ್ಲ.

"ಬಾಜೂಮನಿ ಶಿವಬಸಮ್ಮ ಕಂಪೌಂಡಿನ ಮ್ಯಾಲಿಂದ ಇಣಿಕಿ ನೋಡಿ ನಗಾಕತ್ತಿದ್ಲು. 'ಏನ್ ಬೀ, ಗಂಡು ದುಬೈಗೆ, ಹೆಣ್ಣು ಗರಗಸಕ್ಕ?' ಅಂದ್ಲು. ನಾನೇನ್ ಹೇಳ್ಲಿ?"

"ದುಬೈ ಅಲ್ಲ, ಮಸ್ಕತ್ ಅಂತ ಹೇಳು," ಎಂದಳು ಮೆಹನಾಜ.

"ನಿನ್ನ ಬಾಯಿ ಹೊಲೀಬೇಕು! ಮಕ್ಕಳಿಲ್ಲದ ಸೊಸಿ, ಮನ್ಯಾಗ ಕುಂತು ದುವಾ ಮಾಡೋದು ಬಿಟ್ಟು ಹೊಟ್ಟು ಹಾರಿಸ್ತಾ ನಿಂತಾಳ. ಕೈ ನೋಡು, ಹಮಾಲರ ಕೈ ಆಗ್ಯಾವ."

ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ನಯೀಮಳಿಗೆ ಅದು ಕೇಳಿಸಿತು. "ಮಕ್ಕಳು ಫೋನಿನಾಗ ಆಗಂಗಿಲ್ಲತ್ತಿ," ಎಂದಳು. ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿ, ಕೊಡ ಎತ್ತಿಕೊಂಡು ನಳಕ್ಕೆ ಹೋಗಿಬಿಟ್ಟಳು. ಅಮೀರ್ ಬೀ ತವೆಯ ಮೇಲಿನ ರೊಟ್ಟಿ ಕರಿಕಾಗುವವರೆಗೂ ಮಗುಚಲಿಲ್ಲ. ಆಮೇಲೆ ಎರಡು ದಿನ ಅತ್ತೆ ಸೊಸೆ ಮಾತಾಡಲಿಲ್ಲ. ಮೂರನೆಯ ದಿನ ಅಮೀರ್ ಬೀ ಕೊಬ್ಬರಿ ಎಣ್ಣೆಯ ಬಟ್ಟಲನ್ನು ಸೊಸೆಯ ಮುಂದೆ ಸರಿಸಿದಳು. "ಕೈಗೆ ಹಚ್ಚಿಕೋ," ಎಂದಳಷ್ಟೆ.

ಶುಕ್ರವಾರಗಳು ಈಗ ನಯೀಮಳವು. ಅಮೀರ್ ಬೀಯೇ ಎರಡು ಮಾತಾಡಿ ಫೋನು ಅವಳಿಗೆ ಕೊಡುತ್ತಿದ್ದಳು, ಕೆಲಸದ ಮಾತಿರುತ್ತದಲ್ಲ ಎಂದು. ಹಳಿಯ ಬುಡದ ರಬ್ಬರು, ಅಲಗಿನ ಬಿಸಿ, ಮರದ ಗಂಟು. ಹೊನ್ನೂರ ಎಲ್ಲವನ್ನೂ ತಾಳ್ಮೆಯಿಂದ ಹೇಳುತ್ತಿದ್ದ. ಅವಳಿಗೆ ಬಹಳಷ್ಟು ತಿಳಿದುಹೋಗಿತ್ತು. ಆದರೂ ಕೇಳುತ್ತಿದ್ದಳು.

"ಗಂಟು ಬಂದ್ರ ಏನ್ ಮಾಡ್ಲಿ?"

"ಹೋದ ವಾರ ಹೇಳಿದ್ನಲ್ಲ."

"ಮರತೀನಿ. ಇನ್ನೊಂದ್ಸಲ ಹೇಳ್ರಿ."

ಅವನು ನಕ್ಕು ಮತ್ತೆ ಹೇಳುವನು. ಒಮ್ಮೆ ಮಾತಿನ ನಡುವೆ, "ಕಮರ ಸೀಳಿದಾಗ ವಾಸನಿ ಹೆಂಗ ಬರ್ತೈತಿ ಅಲ್ಲಿ?" ಎಂದು ಕೇಳಿದ. ನಯೀಮ ಒಂದು ಹಿಡಿ ಹೊಟ್ಟು ತೆಗೆದು ಮೂಸಿ, ಹೇಳಲು ನೋಡಿದಳು. ಹೇಳಲು ಬರಲಿಲ್ಲ. "ನೀವ ಬಂದು ಮೂಸ್ರಿ," ಎಂದಳು. "ಬರ್ತೀರಿ?" ಎಂದು ಕೇಳಿದಳು. "ನೋಡೋಣ," ಎಂದ ಹೊನ್ನೂರ. ಆ 'ನೋಡೋಣ'ವನ್ನು ಅವಳು ವಾರವೆಲ್ಲ ತಿರುಗಿಸಿ ಮುರುಗಿಸಿ ನೋಡಿದಳು. ಅದರಲ್ಲಿ ಬರುತ್ತೇನೆ ಎನ್ನುವುದು ಎಲ್ಲೂ ಸಿಗಲಿಲ್ಲ.

*

ಏಪ್ರಿಲ್ ಹೊತ್ತಿಗೆ ಚೌಕಟ್ಟಿನ ಮೂರು ಪಟ್ಟಿಗಳೂ ಕದದ ಹಲಗೆಗಳೂ ಆಗಿದ್ದವು. ಶೇಖಾವಲಿ ಹಲಗೆಗಳಿಗೆ ಉಳಿ ಹಚ್ಚಿದ್ದ. ಹೊಸ್ತಿಲಿಗೆಂದು ಇಟ್ಟಿದ್ದ ತೊಲೆ ಮಾತ್ರ ಉಳಿದಿತ್ತು. ಎಲ್ಲದಕ್ಕಿಂತ ದಪ್ಪನೆಯದು, ನಡುವೆ ಕೊಂಚ ತಿರುಚಿಕೊಂಡದ್ದು.

ಅದನ್ನು ಸೀಳುವಾಗಲೇ ಆದದ್ದು. ಎರಡು ಸಲ ಗೆರೆ ಇಳಿಸಿ, ಮೂರನೆಯ ಸಲ ನಡುವಿಗೆ ಬಂದಿದ್ದಳು. ಸೀಳಿದ ಬಾಯಿ ಇದ್ದಕ್ಕಿದ್ದಂತೆ ಮುಚ್ಚಿಕೊಂಡು ಅಲಗನ್ನು ಕಚ್ಚಿತು. ಮಿಷನ್ನು ಒದ್ದಂತೆ ಹಿಂದಕ್ಕೆ ಹಾರಿತು. ನಯೀಮ ಗೋಡೆಗೆ ಹೋಗಿ ಬಿದ್ದಳು. ಮೊಣಕೈಯಿಂದ ಕೆಳಕ್ಕೆ ಚರ್ಮ ಸುಲಿದು ರಕ್ತ ಬಂತು. ಶೇಖಾವಲಿ ಓಡಿಬಂದು ಪ್ಲಗ್ಗು ಕಿತ್ತ. ಅಮೀರ್ ಬೀ ಬಾಯಿ ಬಾಯಿ ಬಡಿದುಕೊಂಡಳು. ದವಾಖಾನೆಯಲ್ಲಿ ಕಟ್ಟು ಹಾಕಿ, ಎಲುಬಿಗೆ ಏನೂ ಆಗಿಲ್ಲ ಎಂದು ಕಳಿಸಿದರು.

ಶುಕ್ರವಾರ ಅವಳು ಹೊನ್ನೂರನಿಗೆ ಹಗುರಾಗಿಯೇ ಹೇಳಿದಳು. "ಮಿಷನ್ ಒದೀತ್ರೀ. ಚೂರು ಕೈಗೆ ತರಚೈತಿ. ಯಾಕ ಹಂಗಾತು?"

"ಬಂದ್ ಮಾಡು!" ಹೊನ್ನೂರ ಕಿರುಚಿದ. ಅವಳು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಇನ್ನ ಮುಟ್ಟಬ್ಯಾಡ ಅದನ್ನ! ಒಲಿಗೆ ಹಾಕು, ಬಾವಿಗೆ ಹಾಕು! ಬೆರಳು? ಬೆರಳು ಅದಾವಿಲ್ಲ? ಎಣಿಸು. ನನ್ನ ಮುಂದ ಎಣಿಸು!"

"ಅದಾವ್ರಿ. ಎಲ್ಲಾ ಅದಾವ. ಬರೇ ತರಚಿದ್ದು…"

"ಎಣಿಸು ಅಂದೆ!"

ಅವನು ಅಳುತ್ತಿದ್ದ. ಬಿಕ್ಕುವುದು ಸ್ಪಷ್ಟವಾಗಿ ಕೇಳುತ್ತಿತ್ತು. ನಯೀಮ ಮೆಲ್ಲಗೆ ಒಂದು, ಎರಡು ಎಂದು ತನ್ನ ಬೆರಳುಗಳನ್ನು ಎಣಿಸಿದಳು. ಹತ್ತು ಮುಗಿದ ಮೇಲೆ ಅಲ್ಲೇ ಹೊಟ್ಟಿನ ಮೇಲೆ ಕುಳಿತಳು.

"ನಿಮ್ಮ ಕೈಗೆ ಏನಾಗೈತ್ರಿ?"

ಆ ಕಡೆ ಅವನು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಬಲಗೈ," ಎಂದ ಕೊನೆಗೆ. "ಹೋದ ವರ್ಷ. ದೊಡ್ಡ ಟೇಬಲ್ ಗರಗಸಕ್ಕ. ಎರಡು ಪಾಳಿ ಮಾಡಿದ್ದೆ, ನಿದ್ದಿಗಣ್ಣಿನಾಗ ಇದ್ದೆ. ಈಗ ಸ್ಟೋರಿನಾಗ ಕುಂದ್ರಿಸ್ಯಾರ. ಸಾಮಾನು ಬಂದದ್ದು ಹೋದದ್ದು ನೋಡೋದು. ಆ ಸಣ್ಣ ಗರಗಸ ನಾ ದಿನಾ ಓಡಿಸ್ತಿದ್ದದ್ದು, ಕೇಳಿ ತಗೊಂಡೆ. ನನ್ನ ಕೈಲಿ ಆಗದಿದ್ರೂ ಮನ್ಯಾಗರ ಯಾರಾದ್ರೂ…" ಮಾತು ನಿಂತಿತು. "ಯಾವ ಮುಖ ಇಟ್ಕೊಂಡು ಬರ್ಲಿ ನಯೀಮಾ? ಅಪ್ಪ ಅಂದಂಗ ಆತು. ಬಡಗೀನೂ ಅಲ್ಲ, ಹಮಾಲನೂ ಅಲ್ಲ."

*

ಅವಳು ಅತ್ತೆಗೆ ಹೇಳಲಿಲ್ಲ. ಮಾವನಿಗೆ ಹೇಳಿದಳು; ಹಿತ್ತಲಲ್ಲಿ, ಅವನು ಹಲಗೆಗೆ ಉಜ್ಜುಗೊರಡು ಹಾಕುವಾಗ. ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ. ಸುರುಳಿ ಸುರುಳಿಯಾಗಿ ಸಿಪ್ಪೆ ಬಿದ್ದು ಕಾಲು ಮುಚ್ಚಿತು. ಆ ದಿನ ಊಟಕ್ಕೆ ಬರಲಿಲ್ಲ. ಅಮೀರ್ ಬೀ ಹೋಗಿ ಕರೆದರೆ, "ಹಸಿವಿಲ್ಲ," ಎಂದ.

ಮುಂದಿನ ಶುಕ್ರವಾರ ಫೋನು ಬಂದಾಗ ಅವನು ಎದ್ದು ಹೋಗಲಿಲ್ಲ. ಅಮೀರ್ ಬೀ ಮಾತು ಮುಗಿಸಿ ಸೊಸೆಗೆ ಕೊಡಲು ಹೋದಾಗ ನಡುವೆ ಕೈ ಚಾಚಿದ.

"ಇಲ್ಲಿ ಕೊಡು."

ಮನೆಯವರೆಲ್ಲ ನಿಂತಲ್ಲೇ ನಿಂತರು. ಶೇಖಾವಲಿ ಫೋನನ್ನು ಹಿಡಿದ ರೀತಿಯೇ ಸರಿಯಿರಲಿಲ್ಲ; ಮೆಹನಾಜ ತಿರುಗಿಸಿ ಕೊಟ್ಟಳು.

"ನಾನಲೇ," ಎಂದ. ಆಮೇಲೆ ಕೇಳಿದ, "ಎಷ್ಟು ಉಳದೈತಿ?"

ಅಮೀರ್ ಬೀ ಸೊಸೆಯ ಮುಖ ನೋಡಿದಳು. "ಏನ್ ಉಳದದ್ದು? ಏನ್ ಕೇಳಾಕತ್ಯಾರ ಇವ್ರು?"

ಆ ಕಡೆ ಹೊನ್ನೂರ ಏನು ಹೇಳಿದನೋ.

"ಹೆಬ್ಬೆಟ್ಟು ಐತಿಲ್ಲ?" ಎಂದ ಶೇಖಾವಲಿ. "ಐತಲ್ಲ. ಬಾ ಹಂಗಾರ. ಇಲ್ಲಿ ಹೊಸ್ತಿಲು ನಿಂತೈತಿ. ನಿನ್ನ ಹೆಂಡ್ತಿ ಕೈಗೆ ಪಟ್ಟಿ ಕಟ್ಟೈತಿ, ನನ್ನ ಕೈ ನಡಗತಾವು. ಬಾ." ಫೋನನ್ನು ನಯೀಮಳಿಗೆ ಕೊಟ್ಟು ಹಿತ್ತಲಿಗೆ ಹೋದ. ಅಮೀರ್ ಬೀಗೆ ಅಷ್ಟರಲ್ಲಿ ಅರ್ಥವಾಗಿತ್ತು; ಅವಳು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಿದ್ದಳು.

*

ಹೊನ್ನೂರ ಬಂದದ್ದು ಜೂನಿನಲ್ಲಿ. ಮೋಡ ಕಟ್ಟಿ ಒಂದು ಹನಿಯೂ ಬೀಳದ ಸೆಕೆಯ ದಿನ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಅಮೀರ್ ಬೀ ಅದನ್ನು ಎಳೆದು ತೆಗೆದು, ಎದೆಗೆ ಒತ್ತಿಕೊಂಡು ಅತ್ತಳು. ತೋರುಬೆರಳು, ನಡುಬೆರಳು ಇರಲಿಲ್ಲ. ಉಂಗುರದ ಬೆರಳು ಅರ್ಧ. ಅವನು ಕೈ ಬಿಡಿಸಿಕೊಂಡು ಮತ್ತೆ ಜೇಬಿಗೆ ಹಾಕಿದ.

ನಯೀಮ ಎಷ್ಟೋ ಶುಕ್ರವಾರಗಳ ಮಾತು ಕೂಡಿಟ್ಟಿದ್ದಳು. ಆದರೆ ಫೋನಿನಲ್ಲಿ ಮಾತಾಡುತ್ತಿದ್ದ ಮನುಷ್ಯ ಬಸ್ಸಿನಿಂದ ಇಳಿದಿರಲಿಲ್ಲ. ಬಂದವನು ಕಟ್ಟೆಯ ಮೇಲೆ ಕೂತು ಓಣಿ ನೋಡುತ್ತಿದ್ದ. ಕೇಳಿದ್ದಕ್ಕೆ ಹೂಂ, ಉಹುಂ. ಹಿತ್ತಲ ಕಡೆ ತಲೆ ಹಾಕುತ್ತಿರಲಿಲ್ಲ. ರಾತ್ರಿ ಪಕ್ಕದಲ್ಲಿ ಮಲಗಿದ್ದಾಗಲೂ ಅವನ ಬೆನ್ನು ಅವಳ ಕಡೆಗೆ. ಅಷ್ಟು ವರ್ಷ ಇಲ್ಲದವನಿಗಾಗಿ ಹಂಬಲಿಸಿದ್ದಳು. ಈಗ ಕೈಗೆಟಕುವಷ್ಟು ದೂರದಲ್ಲಿ ಇದ್ದವನಿಗಾಗಿ ಅದೇ ಹಂಬಲ. ಇದು ಇನ್ನೂ ಕಷ್ಟದ್ದಾಗಿತ್ತು.

ಊಟದ ಹೊತ್ತು ಎಲ್ಲರಿಗೂ ಸಂಕಟ. ಎಡಗೈಯಲ್ಲಿ ತುತ್ತು ಮುಟ್ಟಲು ಅವನಿಗೆ ಮನಸ್ಸಿಲ್ಲ. ಬಲಗೈ ಹೊರಗೆ ತೆಗೆಯಲೂ ಒಲ್ಲ. ಅಮೀರ್ ಬೀ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಸಣ್ಣ ಕೂಸಿಗೆ ಇಟ್ಟಂತೆ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದಳು. ಅವನು ತಲೆ ಬಗ್ಗಿಸಿ ಎಡಗೈಯ ಚಮಚೆಯಲ್ಲಿ ಎತ್ತಿ ನುಂಗುತ್ತಿದ್ದ.

ಒಂದು ದಿನ ಶೇಖಾವಲಿಯ ತಾಳ್ಮೆ ತಪ್ಪಿತು. "ಮಿಷನ್ ಮಿಷನ್ ಅಂತ ಹೋದಿ. ಕೈ ತಿಂತಲ್ಲ ಮಿಷನ್ನು!"

"ಮಿಷನ್ ತಿನ್ನಲಿಲ್ಲಪ್ಪಾ," ಹೊನ್ನೂರ ತಲೆ ಎತ್ತಿದ. ಬಂದ ಮೇಲೆ ಅವನು ಅಪ್ಪನಿಗೆ ಆಡಿದ ಮೊದಲ ಮಾತು. "ನಿದ್ದಿ ತಿಂತು. ಎರಡು ಪಾಳಿ ಯಾಕ ಮಾಡಿದ್ದೆ ಗೊತ್ತೇನು? ಲಗೂ ಬರಬೇಕು ಅಂತ. ಬಂದು ಇಲ್ಲೇ ಈ ಹಿತ್ತಲಾಗ ಅಂಗಡಿ ಹಾಕಿ, ನಿನ್ನ ಮುಂದ ನಿಂತು, ಇದು ಹಮಾಲಿ ಅಲ್ಲ ಅಂತ ತೋರಿಸಬೇಕು ಅಂತ!"

"ತೋರಿಸೋದು ಏನಿತ್ತಲೇ? ಬರ್ತೀನಿ ಅಂದಿದ್ರ…"

"ಕೈ ಹೋಗೋ ಮುಂಚೆ ಯಾವತ್ತು ಬಾ ಅಂದಿ ನೀನು?"

ಶೇಖಾವಲಿ ತಟ್ಟೆ ಬಿಟ್ಟು ಎದ್ದ. ಆ ದಿನ ಅಂಗಳದಲ್ಲಿ ಬಿಸಿಲಿಗಿಟ್ಟಿದ್ದ ಮಾವಿನ ಉಪ್ಪಿನಕಾಯಿ ಜಾಡಿಯ ಬಾಯಿ ಕಟ್ಟುವುದನ್ನು ಮೂವರೂ ಹೆಂಗಸರು ಮರೆತರು.

*

ಗುರುಸಂಗಪ್ಪನಿಂದ ಎರಡು ಸಲ ಹೇಳಿಕೆ ಬಂತು. ಅವರ ಮನೆ ಗೋಡೆ ಎದ್ದು, ಹೊಸ್ತಿಲಿಗಾಗಿ ಕಾಯುತ್ತಿತ್ತು. ನಯೀಮಳ ಕೈ ಮಾಗಿತ್ತು. ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಹೋಗಿ ಹಳಿ ಬಿಗಿದಳು. ಶೇಖಾವಲಿ ಸುಮ್ಮನೆ ತೊಲೆಯ ಕೆಳಗೆ ಆಸರೆ ಇಟ್ಟ.

ಹಳೆಯ ಸೀಳಿನ ಪಕ್ಕ ಹೊಸ ಗೆರೆ; ಉಗುರಿನಷ್ಟು, ಆಮೇಲೆ ಬೆರಳಿನಷ್ಟು. ಮೂರನೆಯ ಸಲ ನಡುವಿಗೆ ಬಂದಾಗ ಮಿಷನ್ನಿನ ಸಪ್ಪಳ ಕುಗ್ಗತೊಡಗಿತು. ಸೀಳಿನಿಂದ ಸಣ್ಣಗೆ ಹೊಗೆ. ಅವಳ ಕೈ ಬಿಗಿಯಿತು.

"ನಿಲ್ಸು!"

ಹೊನ್ನೂರ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. "ಹಿಂದಕ್ಕ ಎಳೀಬ್ಯಾಡ! ಗುಂಡಿ ಬಿಡು. ಹಂಗ ಹಿಡ್ಕೊಂಡು ನಿಲ್ಲು, ಅಲಗು ನಿಲ್ಲೋ ಮಟ. ಹಾಂ, ಈಗ ಎತ್ತು."

ಬಂದು ತೊಲೆಯ ಪಕ್ಕ ಮೊಣಕಾಲೂರಿದ. ಸೀಳಿನ ಬಾಯಿಯನ್ನು ಹಣೆ ಗಂಟಿಕ್ಕಿ ನೋಡಿದ. "ತೊಲಿ ಒಳಗ ಬಿಗಿ ಐತಿ. ಸೀಳಿದಂಗೆಲ್ಲ ಮುಚ್ಕೊಂತೈತಿ. ಬೆಣಿ ಬೇಕು. ಅಪ್ಪಾ, ಒಂದು ಬೆಣಿ ಕೆತ್ತಿ ಕೊಡು, ತೆಳ್ಳಗ."

ಶೇಖಾವಲಿ ಬೆಣೆ ಕೆತ್ತಿ ಕೊಟ್ಟ. ಹೊನ್ನೂರ ಅದನ್ನು ಬಲಗೈಯ ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಕಚ್ಚಿ ಹಿಡಿದು, ಸೀಳಿನ ಬಾಯಿಗೆ ಇಟ್ಟ. ಎಡಗೈಯಿಂದ ಕೊಡತಿ ಬೀಸಿದ. ಮೊದಲ ಏಟು ಜಾರಿ ಹಳಿಗೆ ತಾಗಿತು. ಇನ್ನೊಂದು ಏಟಿಗೆ ಬೆಣೆ ಒಳಗಿಳಿಯಿತು. ಸೀಳು ಸಣ್ಣಗೆ ಬಾಯಿ ತೆರೆಯಿತು.

"ಈಗ ಓಡ್ಸು. ನಾ ಹಿಂದಿಂದ ಬೆಣಿ ಹಾಕ್ಕೊಂತ ಬರ್ತೀನಿ. ಅವಸರ ಬ್ಯಾಡ."

ಕರೆಂಟು ಹೋಗುವ ಮೊದಲು ಆ ಕಡೆ ಮುಗಿಯಿತು. ಮೂವರೂ ಸೇರಿ ತೊಲೆ ಹೊಳ್ಳಿಸಿದರು. ಮರುದಿನ ಇನ್ನೊಂದು ಮಗ್ಗುಲು ಸೀಳಿದಾಗ ಎರಡೂ ಗೆರೆಗಳು ನಡುವೆ ಒಂದಕ್ಕೊಂದು ಕೂಡಿದವು. ಹೊಸ್ತಿಲ ಹಲಗೆ ಬಿಡಿಸಿಕೊಂಡು ಆಸರೆಯ ಮೇಲೆ ಮಲಗಿತು. ಹೊನ್ನೂರ ಒಂದು ಹಿಡಿ ಹೊಟ್ಟು ಎತ್ತಿ ಮೂಗಿಗೆ ಹಿಡಿದ. ನಯೀಮ ನೋಡಿದಳು.

ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿಮೆಣಸಿನಕಾಯಿ ಚಟ್ನಿ. ಹೊನ್ನೂರನ ಹುಬ್ಬಿನ ಮೇಲೆ ಕೆಂಪು ಹೊಟ್ಟು ಇನ್ನೂ ಇತ್ತು. ಅವನು ಬಲಗೈ ಜೇಬಿನಿಂದ ತೆಗೆದು ತಟ್ಟೆಯ ಪಕ್ಕ ಇಟ್ಟ. ಅಮೀರ್ ಬೀ ಅಭ್ಯಾಸದಂತೆ ಅವನ ರೊಟ್ಟಿಗೆ ಕೈ ಚಾಚಿದಳು.

"ಬಿಡು," ಎಂದ ಶೇಖಾವಲಿ. "ಮುರ್ಕೊಂತಾನ."

ಅಮೀರ್ ಬೀ ಕೈ ಹಿಂದಕ್ಕೆ ತೆಗೆದುಕೊಂಡಳು. ಮೆಹನಾಜ ಬೇಕೆಂದೇ ನೀರು ತರಲು ಎದ್ದಳು. ಹೊನ್ನೂರ ಅಂಗೈಯ ಬುಡದಿಂದ ರೊಟ್ಟಿಯನ್ನು ಒತ್ತಿ ಹಿಡಿದು, ಹೆಬ್ಬೆರಳಿನಿಂದ ಅಂಚನ್ನು ಎಳೆದ. ರೊಟ್ಟಿ ಜಾರಿತು. ಮತ್ತೆ ಹಿಡಿದ. ಈ ಸಲ ಸೊಟ್ಟಪಟ್ಟಾಗಿ ಹರಿದು, ಒಂದು ಚೂರು ತಟ್ಟೆಯ ಆಚೆ ಬಿತ್ತು. ಕೈಯಲ್ಲಿ ಉಳಿದದ್ದನ್ನು ಪಲ್ಯಕ್ಕೆ ಒತ್ತಿ ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ. ಬಿದ್ದ ಚೂರನ್ನೂ ಹೆಕ್ಕಿ ತಿಂದ. ಆ ರೊಟ್ಟಿ ಮುಗಿಯಲು ಬಹಳ ಹೊತ್ತು ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ.

ಮುಗಿದ ಮೇಲೆ ತಟ್ಟೆಯನ್ನು ನಯೀಮಳ ಕಡೆ ಸರಿಸಿದ.

"ಇನ್ನೊಂದು ಹಾಕು."